ಅಪ್ಪನ ಮೀನಿನ ಜಾಗ

ನಕ್ಷೆಯವನನ್ನು ಮೊದಲ ಸಲ ನೋಡಿದ ದಿನವೇ ನಾನು ಅವನಿಗೆ ಸುಳ್ಳು ಹೇಳಿದೆ. ಇಂದಿಗೂ ಆ ಸುಳ್ಳನ್ನು ನೆನೆದು ಕೈ ಮುಗಿಯುತ್ತೇನೆ.

ಅಪ್ಪನ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದೆ. ಯಾವುದೋ ಕಂಪನಿಯ ಸರ್ವೆಗೆಂದು ಬಂದಿದ್ದ ಅವನು ಕೊಲ್ಲಿಯ ನಕ್ಷೆ ಹರಡಿ, "ನೀವು ಮೀನು ಹಿಡಿಯೋದು ಎಲ್ಲಿ?" ಎಂದ. ಕಣ್ಣು ಮಾತ್ರ ನಕ್ಷೆಯ ಮೇಲಿರಲಿಲ್ಲ, ನನ್ನ ಕೆನ್ನೆಯ ಮಸಿಯ ಮೇಲಿತ್ತು.

"ಅಲ್ಲಿ, ಬಂಡೆ ಆಚೆ."

ಬಂಡೆಯ ಆಚೆ ಒಂದು ಏಡಿಯೂ ಸಿಗುವುದಿಲ್ಲ. ನಮ್ಮೂರಲ್ಲಿ ಮೀನಿನ ಜಾಗವನ್ನು ಒಡಹುಟ್ಟಿದವರಿಗೂ ಹೇಳುವುದಿಲ್ಲ. ಮೂವತ್ತು ದೋಣಿಯವರೂ ಅವನಿಗೆ ಹೀಗೇ ಟೋಪಿ ಹಾಕಿ, ಮೀಸೆ ತಿರುವಿಕೊಂಡರು.

ಆರು ತಿಂಗಳಿಗೆ, ಅವನನ್ನು ಕಳಿಸಿದ್ದ ಗ್ಯಾಸ್ ಕಂಪನಿಯ ನೋಟಿಸ್ ಬಂತು. ಪೈಪ್‌ಲೈನ್, ಟರ್ಮಿನಲ್, ಗ್ಯಾಸ್ ತುಂಬಿಕೊಂಡು ಹೊರದೇಶಕ್ಕೆ ಹೋಗುವ ಹಡಗುಗಳು, ಎಲ್ಲವೂ ಕೊಲ್ಲಿಯ ನಡುವಿನ ಮರಳುದಿಬ್ಬದ ಹತ್ತಿರ. ಅವನ ನಕ್ಷೆಯ ಪ್ರಕಾರ ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಅಪ್ಪನ ಜಾಗ ಅದೇ ದಿಬ್ಬದ ಪಕ್ಕ. ಸುತ್ತಮುತ್ತ ಉಳಿದವರದ್ದು. ನಮ್ಮ ಹಳ್ಳವನ್ನು ನಾವೇ ತೋಡಿಕೊಂಡಿದ್ದೆವು.

ನಕ್ಷೆಯವನ ಬಾಡಿಗೆ ರೂಮಿಗೆ ಹೋಗಿ, "ನಾನು ಹೇಳಿದ್ದು ಸುಳ್ಳು," ಎಂದೆ. "ಎಲ್ಲರೂ ಹೇಳಿದ್ದೂ."

"ಮೂವತ್ತು ಜನಾನೂನಾ?"

"ಮೂವತ್ತೂ."

ಅವನಿಗೆ ನಗು ಬಂತು. ಆಮೇಲೆ ನಿಂತಿತು. "ಟರ್ಮಿನಲ್ ಅನುಮತಿಯ ವಿಚಾರಣೆ ಶುಕ್ರವಾರ. ನನ್ನ ನಕ್ಷೆ ತಪ್ಪು ಅಂತ ನಾನೇ ಹೇಳಿದ್ರೆ ಕಂಪನಿಯವ್ರು ಕೆಲಸದಿಂದ ತೆಗೀತಾರೆ."

"ಗೊತ್ತು. ಅದಕ್ಕೇ ಕೇಳೋಕೆ ನಾಚಿಕೆ ಆಗ್ತಿದೆ."

"ತೆಗೆದ್ರೆ ಎಂಜಿನ್ ರಿಪೇರಿ ಕಲಿಸ್ತೀರಾ?"

"ಅಷ್ಟು ಬೆಳ್ಳಗಿರೋ ಶರ್ಟ್ ಹಾಕ್ಕೊಂಡು ಬಂದ್ರೆ ಒಳಗೆ ಸೇರಿಸಲ್ಲ."

ಶುಕ್ರವಾರ ತುಂಬಿದ ಸಭೆಯಲ್ಲಿ ಅವನು ಎದ್ದ. "ನನ್ನ ನಕ್ಷೆ ತಪ್ಪಾಗಿದೆ. ಸರಿಯಾದದ್ದು ಇವರಿಗೆ ಗೊತ್ತು." ಅಧಿಕಾರಿ ನಮ್ಮ ಕಡೆ ತಿರುಗಿದರು. ಯಾರೂ ಮಿಸುಕಲಿಲ್ಲ. ಪೈಪೋಟಿಯವರ ಎದುರಿಗೆ ತನ್ನ ಜಾಗ ತೋರಿಸುವುದೆಂದರೆ ತನ್ನ ಅನ್ನಕ್ಕೆ ತಾನೇ ಅವರಿಗೆ ದಾರಿ ತೋರಿಸಿದ ಹಾಗೆ.

ಆಗ ಅಪ್ಪ ಎದ್ದ. ನಕ್ಷೆಯ ಹತ್ತಿರ ಹೋಗಿ ಬೆರಳಿಟ್ಟ. "ಇದು ನಂದು. ನಮ್ಮಪ್ಪಂದೂ ಇದೇ." ಅವನ ಹಿಂದೆ, ಇಪ್ಪತ್ತು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದ ಚಿಕ್ಕಪ್ಪ ಎದ್ದ. ಆಮೇಲೆ ಸಾಲೇ ನಿಂತಿತು.

ಟರ್ಮಿನಲ್‌ಗೆ ಅನುಮತಿ ಸಿಗಲಿಲ್ಲ. ನಕ್ಷೆಯವನ ಕೆಲಸ ಹೋಯಿತು. ಅಪ್ಪ ಅವನ ತಲೆ ಸವರಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗ," ಎಂದ.

ದಡದಲ್ಲಿ ನಾವಿಬ್ಬರೇ ಉಳಿದಾಗ ಅವನು ಕೇಳಿದ: "ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ. ನೀವು ಇಲ್ಲೇ ಉಳೀಬೇಕು ಅಂತ ಆಸೆ. ನನ್ನ ಜೊತೆ."

"ನಂಗೂ," ಎಂದು ಅವನು ಬಿಳಿ ಶರ್ಟಿನ ತೋಳು ಮಡಿಸಿಕೊಂಡ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ಕೊಲ್ಲಿ ಉಳಿಯಿತಲ್ಲ, ಆ ಸುಳ್ಳಿನಿಂದಲೇ ಇವನೂ ಸಿಕ್ಕಿದನಲ್ಲ ಎಂದುಕೊಳ್ಳುತ್ತಾ.