ಬೂತುಗನ ಗಾಜಿನ ಕೊಳ ಮತ್ತು ಚಟ್ಟಯ್ಯನ ಹೀರೆಬಳ್ಳಿ

ಬಹಳ ಹಿಂದೆ, ಮೀನುಗಳು ಮನುಷ್ಯರೊಡನೆ ಮಾತು ಬಿಟ್ಟು ಇನ್ನೂ ಹೆಚ್ಚು ಕಾಲವಾಗಿರದ ದಿನಗಳಲ್ಲಿ, ತಿಳಿಗೊಳ ಎಂಬ ರಾಜ್ಯವಿತ್ತು. ಬೇರೆ ರಾಜ್ಯಗಳ ಮಾಂತ್ರಿಕರು ತಮ್ಮ ಪ್ರಾಣವನ್ನು ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಬಚ್ಚಿಡುತ್ತಿದ್ದರು. ತಿಳಿಗೊಳದವರಿಗೆ ಅಷ್ಟು ಓಡಾಟ ಹಿಡಿಸುತ್ತಿರಲಿಲ್ಲ. ಅವರು ತಮ್ಮ ಪ್ರಾಣವನ್ನು ಒಂದೊಂದು ಮೀನಿನಲ್ಲಿಟ್ಟು, ಮೀನನ್ನು ಗಾಜಿನ ಕೊಳದಲ್ಲಿ ಬಿಟ್ಟು, ಕೊಳವನ್ನು ಮನೆಯ ಪಡಸಾಲೆಯಲ್ಲೇ ಇಟ್ಟುಕೊಂಡಿದ್ದರು. ಮೀನಿಗೆ ಉಸಿರು ಕೊಡಲು ಕೊಳದ ಮರಳಿನಲ್ಲಿ ನೀರುಗಿಡಗಳನ್ನು ನೆಟ್ಟಿದ್ದರು. ಗಿಡ ಚೆನ್ನಾಗಿದ್ದರೆ ಮೀನು ಚೆನ್ನಾಗಿರುತ್ತಿತ್ತು, ಮೀನು ಚೆನ್ನಾಗಿದ್ದರೆ ಮನೆಯವರು. ವೈದ್ಯರಿಗೆ ಕೆಲಸವಿರಲಿಲ್ಲ. ಅವರೂ ಗಿಡ ನೋಡಿಕೊಂಡಿದ್ದರು.

ಪ್ರತಿ ಸೋಮವಾರ ಕೊಳದ ಅರ್ಧ ನೀರನ್ನು ಹೊರಗೆ ಬಿಟ್ಟು ಬಾವಿಯ ಹೊಸ ನೀರು ತುಂಬಬೇಕೆಂದು ಮೊದಲ ರಾಜ ಅಪ್ಪಣೆ ಮಾಡಿದ್ದ. ಏಕೆಂಬುದು ಅರಮನೆಗೂ ಮರೆತುಹೋಗಿತ್ತು. ಬೀದಿಗಳೆಲ್ಲ ಇಳಿಜಾರು. ಮೇಲಿನ ಮನೆ ಬಿಟ್ಟ ನೀರು ಗೋಡೆಯ ತೂತಿನಿಂದ ಕೆಳಗಿನ ಮನೆಯ ಹಿತ್ತಲಿಗೆ ಹರಿಯುತ್ತಿತ್ತು.

ಅಂಥ ಒಂದು ಬೀದಿಯಲ್ಲಿ ಬೂತುಗನೆಂಬ ಯುವಕ ಅಕ್ಕ ಜಕ್ಕವ್ವೆಯ ಜೊತೆ ವಾಸವಾಗಿದ್ದ. ಅವನನ್ನು ಸಾಕಿದವಳು ಅವಳೇ. ಅವರ ಕೆಳಮನೆಯಲ್ಲಿ ಚಟ್ಟಯ್ಯ ಇದ್ದ. ಬೂತುಗನ ಬದುಕಿನಲ್ಲಿ ಬೇರೆ ಯಾವ ಕಷ್ಟವೂ ಇರಲಿಲ್ಲ; ಚಟ್ಟಯ್ಯ ಇದ್ದ.

ಒಂದು ದಿನ ಜಕ್ಕವ್ವೆ ಕೆಳಮನೆಗೆ ಹೋಗಿ ಬಂದು, "ಚಟ್ಟಯ್ಯನ ಕೊಳದ ಎಲೆ ನೋಡಿದೆಯೇನೋ? ಎಲೆಅಡಿಕೆ ಹಾಕಿಕೊಂಡ ಬಾಯಿಯ ಹಾಗೆ ಕೆಂಪಗಿದೆ" ಎಂದಳು. ಕೈಯಲ್ಲಿ ಚಟ್ಟಯ್ಯ ಕೊಟ್ಟ ಹೀರೇಕಾಯಿಯೂ ಇತ್ತು.

ಬೂತುಗ ತನ್ನ ಕೊಳ ನೋಡಿದ. ಹೊಸ ಎಲೆಗಳು ಬಿಳಿಚಿಕೊಂಡಿದ್ದವು. ಹಳೆಯ ಎಲೆಗಳಲ್ಲಿ ಸೂಜಿ ಚುಚ್ಚಿದಂತೆ ತೂತುಗಳಿದ್ದವು. ಗಿಡಗಳು ನೆಟ್ಟಾಗ ಎಷ್ಟಿದ್ದವೋ ಅಷ್ಟೇ ಇದ್ದವು. ಅವನಿಗೆ ಆ ದಿನ ಊಟ ಸೇರಲಿಲ್ಲ. ಹೀರೇಕಾಯಿ ಪಲ್ಯವಂತೂ ಸೇರಲೇ ಇಲ್ಲ.

ಬಾಯಿಬಿಟ್ಟು ಕೇಳುವ ಮೊದಲೇ ಚಟ್ಟಯ್ಯ ಗೋಡೆಯಾಚೆಯಿಂದ ಎಲ್ಲವನ್ನೂ ಹೇಳಿಬಿಟ್ಟ. ಬಿಳಿಚಿದ ಎಲೆಗೆ ಕಬ್ಬಿಣದಾನೆಯ ತುಕ್ಕು, ತೂತು ಬಿದ್ದ ಎಲೆಗೆ ಬೆಂಕಿಕಾಗೆಯ ಬೂದಿ, ಬೆಳೆಯದ ಗಿಡಕ್ಕೆ ಬಾವಲಿರಾಣಿಯ ಗುಹೆಯ ಉಪ್ಪು. ಹೋಗಿ ಕೇಳಿದರೆ ಕೊಡುತ್ತಾರಂತೆ. ಗುಟ್ಟನ್ನು ಬಚ್ಚಿಡದೆ ಹೇಳಿದನಲ್ಲ ಎಂಬುದು ಬೂತುಗನಿಗೆ ಇನ್ನಷ್ಟು ಅವಮಾನವಾಗಿ ಕಂಡಿತು. ಬಚ್ಚಿಟ್ಟಿದ್ದರೆ ಬೈಯಬಹುದಿತ್ತು.

ಅವನು ಬುತ್ತಿ ಕಟ್ಟಿಕೊಂಡು ಹೊರಟ.

ಮೊದಲು ಕಬ್ಬಿಣದಾನೆ ಸಿಕ್ಕಿತು. ದಾರಿಗಡ್ಡ ನಿಂತು ಬಂದವರನ್ನೆಲ್ಲ ತುಳಿಯುವುದು ಅದರ ಕಸುಬು. ಅದಕ್ಕೆ ಕಿವಿಯ ಹಿಂದೆ ತುಕ್ಕು ಹಿಡಿದು ನವೆಯಾಗುತ್ತಿತ್ತು. ಬೂತುಗ ಹೆದರದೆ ಹತ್ತಿ ಕೆರೆದ. ಆನೆ ಕಣ್ಣು ಮುಚ್ಚಿತು.

"ಚಟ್ಟಯ್ಯ ಬಂದಿದ್ದನೇ?" ಎಂದ ಬೂತುಗ.

"ಬಂದಿದ್ದ."

"ಎಷ್ಟು ಒಯ್ದ?"

"ಒಂದು ಚಿಟಿಕೆ."

"ಹಾಗಾದರೆ ನನಗೊಂದು ಹಿಡಿ."

ಒಂದು ಚಿಟಿಕೆ ವಾರಕ್ಕೆ ಸಾಕಾಗುತ್ತದಲ್ಲ, ಸಾಲದಿದ್ದರೆ ಮತ್ತೆ ಬಾ ಎಂದಿತು ಆನೆ. ಬೂತುಗ ಹಿಡಿಯನ್ನೇ ಒಯ್ದ.

ಆಮೇಲೆ ಬೆಂಕಿಕಾಗೆ. ಅದು ಉರಿಯುವ ಮರದ ಮೇಲೆ ಕೂತು ಹಾಡುತ್ತಿತ್ತು. ಕೊನೆಯವರೆಗೂ ಮುಖ ಸಿಂಡರಿಸದೆ ಕೇಳಿದವರಿಗೆ ಬೂದಿ ಕೊಡುತ್ತಿತ್ತು. ಉಳಿದವರನ್ನು ಬೂದಿ ಮಾಡುತ್ತಿತ್ತು. ಬೂತುಗ ಕೇಳಿದ. ಚಟ್ಟಯ್ಯ ಬಂದಿದ್ದನೇ ಎಂದು ವಿಚಾರಿಸಿದಾಗ, ಬಂದಿದ್ದ, ಹಾಡಿಗೆ ಕಣ್ಣಂಚು ಒದ್ದೆ ಮಾಡಿಕೊಂಡಿದ್ದ, ಒಂದು ಚಿಟಿಕೆ ಒಯ್ದ ಎಂದಿತು ಕಾಗೆ. ಬೂತುಗ ಮತ್ತೊಮ್ಮೆ ಹಾಡಿಸಿ ಗಟ್ಟಿಯಾಗಿ ಅತ್ತ. ಒಂದು ಹಿಡಿ ಒಯ್ದ.

ಕೊನೆಗೆ ಬಾವಲಿರಾಣಿ. ತಲೆಕೆಳಗಾಗಿ ನೇತಾಡುವವರೊಡನೆ ಮಾತ್ರ ಅವಳು ಮಾತಾಡುತ್ತಿದ್ದಳು, ನೆಟ್ಟಗೆ ನಿಂತವರ ರಕ್ತ ಹೀರುತ್ತಿದ್ದಳು. ಚಟ್ಟಯ್ಯ ಮಾತು ಮುಗಿಯುವವರೆಗೆ ನೇತಾಡಿದ್ದನೆಂದು ತಿಳಿದ ಬೂತುಗ, ಮಾತು ಮುಗಿದ ಮೇಲೂ ನೇತಾಡಿದ. ರಾಣಿಗೆ ಮುಜುಗರವಾಯಿತು. ಗಿಡ ಉಂಡು ಬಿಟ್ಟದ್ದನ್ನು ಉಣ್ಣಲು ನೀರಿನಲ್ಲಿ ಒಬ್ಬ ಕಾದಿದ್ದಾನೆ, ಸೋಮವಾರದ ನೀರು ಬಿಡುವುದು ಅದಕ್ಕೇ ಎಂದು ಅವಳು ಎಚ್ಚರಿಸಿದಳು. ಆದರೆ ಬೂತುಗನಿಗೆ ಆ ಹೊತ್ತಿಗೆ ರಕ್ತವೆಲ್ಲ ತಲೆಗಿಳಿದು ಕಿವಿ ಗುಯ್ಗುಡುತ್ತಿತ್ತು. ಒಂದು ಹಿಡಿ ಉಪ್ಪಿನೊಡನೆ ಅವನು ಮನೆಗೆ ಬಂದ.

ಮೂರನ್ನೂ ಗೊಬ್ಬರವಾಗಿ ಹಾಕಿದ ಮೇಲೆ ಎಲೆ ಕೆಂಪಾಯಿತು, ತೂತು ನಿಂತಿತು, ಗಿಡ ಏರಿತು. ಜಕ್ಕವ್ವೆ ನೋಡಿ, "ಚೆನ್ನಾಗಿದೆ ಕಣೋ. ಚಟ್ಟಯ್ಯನದರ ಹಾಗೇ ಇದೆ" ಎಂದಳು.

ಹೊಗಳಿಕೆ ಅಷ್ಟಕ್ಕೇ ನಿಂತಿದ್ದರಿಂದ ಬೂತುಗ ಇನ್ನೂ ಒಂದಿಷ್ಟು ಸುರಿದ.

ಸೋಮವಾರ ಬಂತು. ನೀರು ಬಿಟ್ಟಾಗ ಅದು ತೆಳ್ಳಗೆ ತುಕ್ಕಿನ ಬಣ್ಣ ಹೊತ್ತು ಗೋಡೆಯ ತೂತಿಗೆ ಹರಿಯುವುದನ್ನು ಅವನು ಮೊದಲ ಸಲ ಗಮನಿಸಿ ನೋಡಿದ. ಆಚೆ ಚಟ್ಟಯ್ಯನ ಹೀರೆಬಳ್ಳಿ ಬಾಯಾರಿದವರಂತೆ ಕಾಯುತ್ತಿತ್ತು. ಆನೆ ಕೆರೆದವನು ತಾನು, ಅತ್ತವನು ತಾನು, ನೇತಾಡಿದವನು ತಾನು. ಉಣ್ಣುವುದು ಚಟ್ಟಯ್ಯನ ಬಳ್ಳಿ. ಮೇಲ್ಮನೆಯ ನೀರು ತನ್ನ ಕರಿಬೇವಿಗೆ ಬರುವುದು ಬೂತುಗನ ಪ್ರಕಾರ ಭೂಮಿಯ ಇಳಿಜಾರು. ತನ್ನ ನೀರು ಚಟ್ಟಯ್ಯನ ಹೀರೆಗೆ ಹೋಗುವುದು ಅನ್ಯಾಯ. ಅವನು ಕೊಳದ ಬುಡದ ತೂಬನ್ನು ಜೇಡಿಮಣ್ಣಿನಿಂದ ಮುಚ್ಚಿದ. ಮುಂದಿನ ಸೋಮವಾರ ತೆರೆಯಲಿಲ್ಲ. ಅದರ ಮುಂದಿನದೂ ಇಲ್ಲ. ಗೊಬ್ಬರ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಹೀರೆಬಳ್ಳಿ ಬಾಡಿತು. ಬೂತುಗನಿಗೆ ಉಂಡದ್ದು ಮೈಗೆ ಹತ್ತಿತು.

ಆಗ ಗಾಜಿನ ಮೇಲೆ ಒಂದು ಹಸಿರು ನೂಲು ಕಂಡಿತು. ನೂಲು ಎಳೆಯಾಯಿತು, ಎಳೆ ಗಡ್ಡವಾಯಿತು, ಗಡ್ಡದ ಮೇಲೆ ಎರಡು ಕಣ್ಣು ತೆರೆದವು. ಅವನೇ ಪಾಚಿಗಡ್ಡ, ಮೊದಲ ರಾಜ ನೀರಿನಲ್ಲಿ ಕರಗಿಸಿದ್ದ ಮಾಂತ್ರಿಕ. ಮಿಕ್ಕ ಗೊಬ್ಬರ ಸಿಕ್ಕರೆ ಸಾಕು, ಮತ್ತೆ ಮೈ ಕೂಡಿಕೊಳ್ಳುತ್ತಿದ್ದ. ಅವನು ಮರ್ಯಾದಸ್ಥ. ಮೊದಲು ಊಟಕ್ಕೆ ವಂದನೆ ಹೇಳಿ, ಆಮೇಲೆ ಗಿಡಗಳ ಕತ್ತಿಗೆ ಗಡ್ಡ ಸುತ್ತಿದ.

ಬೂತುಗನ ಎಳೆಯ ಮೀನು ಇನ್ನೂ ತಡೆದುಕೊಂಡಿತ್ತು; ಜಕ್ಕವ್ವೆಯ ವಯಸ್ಸಾದ ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಒಲೆ ಊದುತ್ತಿದ್ದ ಜಕ್ಕವ್ವೆ ಉಸಿರು ಸಾಲದೆ ಅಲ್ಲೇ ಕುಸಿದಳು.

ಬೂತುಗ ಗಡ್ಡವನ್ನು ಕಿತ್ತ, ಕಿತ್ತಷ್ಟೂ ಬೆಳೆಯಿತು. ಕೊಳಕ್ಕೆ ಕಂಬಳಿ ಹೊದಿಸಿದ. ಕತ್ತಲಲ್ಲಿ ಗಿಡಗಳೂ ಸೊರಗಿದವು. ಗಿಡಗಳಿಗೆ ಬಲ ಬರಲೆಂದು ಉಳಿದ ಗೊಬ್ಬರವನ್ನೆಲ್ಲ ಸುರಿದ. ಗಡ್ಡ ಕೊಳ ದಾಟಿ ನೆಲಕ್ಕಿಳಿಯಿತು.

"ತೂಬು ಮುಚ್ಚಿದ್ದೀಯಲ್ಲ, ಅದನ್ನು ತೆಗಿ" ಎಂದಳು ಜಕ್ಕವ್ವೆ, ಗೋಡೆಗೊರಗಿಕೊಂಡು.

"ನಿನಗೆ ಹೇಗೆ ಗೊತ್ತು?"

"ಹೀರೆಬಳ್ಳಿ ಒಣಗಿದೆ. ನೀನು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದೀಯ."

ಬೂತುಗ ಒನಕೆ ಎತ್ತಿಕೊಂಡ. ಪಾಚಿಗಡ್ಡ ಸಮಾಧಾನದಿಂದ ಹೇಳಿದ: "ತೆಗೆಯಪ್ಪ, ಬೇಡ ಅನ್ನುವುದಿಲ್ಲ. ಆದರೆ ಇಷ್ಟು ದಿನದ ಗೊಬ್ಬರ ಒಂದೇ ಸಲಕ್ಕೆ ಅವನ ಬಳ್ಳಿಗೆ ಹೋಗುತ್ತದೆ. ತೋಳುದ್ದದ ಕಾಯಿ ಬಿಡುತ್ತಾನೆ. ಬೀದಿಯವರೆಲ್ಲ ಬಂದು ನೋಡುತ್ತಾರೆ. ಯೋಚನೆ ಮಾಡು."

ಬೂತುಗ ಯೋಚನೆ ಮಾಡಿದ. ಕತೆ ಅದನ್ನು ಮುಚ್ಚಿಡುವುದಿಲ್ಲ. ಒನಕೆ ಎತ್ತಿದ ಕೈ ಎತ್ತಿದಂತೆಯೇ ಇತ್ತು, ಕಣ್ಣ ಮುಂದೆ ತೋಳುದ್ದದ ಹೀರೇಕಾಯಿ ತೂಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಮೀನು ಮಗ್ಗುಲಾಗಿ ತೇಲಿತು. ಗೋಡೆಗೊರಗಿದ್ದ ಅಕ್ಕ ಮಗ್ಗುಲಿಗೆ ವಾಲಿದಳು. ಬೂತುಗ ಜೇಡಿಮಣ್ಣಿಗೆ ಒನಕೆಯಿಂದ ಕುಟ್ಟಿದ.

ನೀರು ಭೋರೆಂದು ಹೊರಟಿತು. ಅರ್ಧವಾದಾಗ ಬೂತುಗ ತೂಬು ಮುಚ್ಚಿ ಬಾವಿಗೆ ಓಡಿದ. ಒಬ್ಬನೇ ಸೇದಿ ತುಂಬುವುದು ಆಗದ ಮಾತಾಗಿತ್ತು. ಬಳ್ಳಿಯ ಬುಡ ಒದ್ದೆಯಾದದ್ದನ್ನು ಕಂಡ ಚಟ್ಟಯ್ಯ ಗೋಡೆಯ ಮೇಲಿಂದ ಇಣುಕಿ, ಏನನ್ನೂ ಕೇಳದೆ ಎರಡು ಕೊಡ ಹಿಡಿದು ಬಂದ. ಅವನ ಹಗ್ಗದ ಕೈ ತನಗಿಂತ ಚುರುಕಾಗಿದೆ ಎಂಬುದು ಆ ಗಡಿಬಿಡಿಯಲ್ಲೂ ಬೂತುಗನ ಕಣ್ಣಿಗೆ ಬಿತ್ತು.

ಮೊದಲ ಸಲ ನೀರು ಬಿಟ್ಟು ತುಂಬಿದಾಗ ಗಡ್ಡ ಬಡಕಲಾಯಿತು. ಎರಡನೆಯ ಸಲಕ್ಕೆ ಕಣ್ಣುಗಳು ಮುಚ್ಚಿದವು. ಮೂರನೆಯ ಸಲಕ್ಕೆ ಪಾಚಿಗಡ್ಡ ಮತ್ತೆ ಒಂದೆಳೆ ನೂಲಾದ. ಕೊಳದ ಮೂಲೆಯಲ್ಲಿದ್ದ ಬಸವನಹುಳು ನಿಧಾನವಾಗಿ ಬಂದು ಅದನ್ನು ತಿಂದಿತು. ರಾಜರೇ ಹೆದರಿದ್ದ ಮಾಂತ್ರಿಕನ ಕೊನೆ, ಆ ಕೊಳದ ಮಟ್ಟಿಗೆ, ಇಷ್ಟೇ. ಬಸವನಹುಳುವಿಗೆ ವಿಶೇಷವೇನೂ ಅನ್ನಿಸಲಿಲ್ಲ.

ಮೀನು ನೆಟ್ಟಗಾಯಿತು. ಜಕ್ಕವ್ವೆ ಎದ್ದು ಕೂತು, ಚಟ್ಟಯ್ಯನಿಗೆ ಮಜ್ಜಿಗೆ ಕೊಟ್ಟೆಯಾ ಎಂದು ಕೇಳಿದಳು.

ಸುದ್ದಿ ಕೇಳಿದ ಅರಮನೆಯವರು ಸೋಮವಾರದ ನೀರಿನ ಕಾರಣವನ್ನು ಡಂಗುರ ಸಾರಿ ಎಲ್ಲರಿಗೂ ನೆನಪಿಸಿದರು. ಬೂತುಗ ಚಿಟಿಕೆಯಲ್ಲಿ ಗೊಬ್ಬರ ಹಾಕುವುದನ್ನು ಕಲಿತ, ಅರ್ಧ ನೀರು ಬಿಡುವುದನ್ನು ತಪ್ಪಿಸಲಿಲ್ಲ. ಪಾಚಿಗಡ್ಡ ಸುಳ್ಳು ಹೇಳಿರಲಿಲ್ಲ. ಬಳ್ಳಿ ಗೋಡೆ ಹತ್ತಿ ತೋಳುದ್ದದ ಕಾಯಿ ಬಿಟ್ಟಿತು, ಬೀದಿಯವರೆಲ್ಲ ಬಂದು ನೋಡಿದರು. ಮೊದಲ ಕಾಯಿಯನ್ನು ಚಟ್ಟಯ್ಯ ಮೇಲ್ಮನೆಗೇ ತಂದು, "ಇದು ನಿನ್ನ ನೀರಿನದೇ ಬೂತುಗಣ್ಣ. ಮುಂಚಿನಿಂದಲೂ ನಿನ್ನದೇ" ಎಂದ.

ಜಕ್ಕವ್ವೆ ಪಲ್ಯ ಮಾಡಿದಳು. ಬೂತುಗ ಉಂಡ. ರುಚಿಯಾಗಿತ್ತು. ಅದೊಂದನ್ನು ಅವನಿಗೆ ಸಹಿಸಲಾಗಲಿಲ್ಲ. ಆದರೂ ಎರಡನೆಯ ಸಲ ಬಡಿಸಿಕೊಂಡ.

ತಿಳಿಗೊಳದಲ್ಲಿ ಮೀನುಗಳು ನೆಟ್ಟಗೆ ಈಜಿದವು, ಮನೆಯವರು ನೆಟ್ಟಗೆ ಓಡಾಡಿದರು, ಎಲ್ಲರೂ ಬಹುಕಾಲ ಸುಖವಾಗಿದ್ದರು. ಬೂತುಗನೂ ಸುಖವಾಗಿಯೇ ಇದ್ದ, ಸೋಮವಾರದ ಬೆಳಗ್ಗೆ ತೂಬು ತೆರೆಯುವ ಅಷ್ಟು ಹೊತ್ತು ಬಿಟ್ಟು.