ಮೂವತ್ತಾರು ಸಾಬೂನು

ಬೆಳಿಗ್ಗೆ ನಾನು ಚೌಕವಾಗಿ ಜೋಡಿಸಿಟ್ಟ ಸಾಬೂನುಗಳು ಮರುದಿನ ಬರುವಷ್ಟರಲ್ಲಿ ತ್ರಿಕೋನವಾಗಿರುತ್ತಿದ್ದವು. ಅಂಗಡಿಯ ಕಿಟಕಿಯಲ್ಲಿ ಬರೀ ಅಂದಕ್ಕೆಂದು ಇಟ್ಟ, ದುಂಡನೆಯ ಬಿಳಿ ಸಾಬೂನುಗಳು. ಅವನ್ನು ಮಾರುವ ಹಾಗಿಲ್ಲ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವನದು. ಅವನು ಒಡತಿಯ ಅಣ್ಣನ ಮಗ. ಹಿಂದಿನ ಕೋಣೆಯಲ್ಲಿ ಸಾಬೂನು ಕಾಯಿಸಿ ಅಚ್ಚಿಗೆ ಹೊಯ್ಯುವವನೂ ಅವನೇ.

ನನಗೋ ಕೋಪ ಮೂಗಿನ ತುದಿಯಲ್ಲೇ. ಒಂದು ದಿನ ಬಾಗಿಲಲ್ಲೇ ಅಡ್ಡಗಟ್ಟಿದೆ.

"ದಿನಾ ಎಷ್ಟು ಸೋಪು ಎತ್ತಿಟ್ಕೋತೀರಿ?"

"ನಾನಾ?"

"ಮತ್ತಿನ್ಯಾರು? ಸಾಲಿಗೆ ಆರು, ಒಟ್ಟು ಆರು ಸಾಲು. ಚೌಕ ತುಂಬೋ ಅಷ್ಟೇ ಸೋಪಲ್ಲಿ ತ್ರಿಕೋನ ಹೇಗ್ರೀ ತುಂಬುತ್ತೆ?"

ಅವನು ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. "ನೀವೇ ಎಣಿಸಿ," ಎಂದು ನನ್ನೆದುರೇ ಜೋಡಿಸತೊಡಗಿದ.

ತುದಿಗೆ ಒಂದು, ಅದರ ಕೆಳಗೆ ಎರಡು, ಮತ್ತೆ ಮೂರು... ಎಂಟರ ಸಾಲಿಗೆ ಬರುವಾಗ ನನ್ನ ದನಿ ಇಳಿದಿತ್ತು. ಮೂವತ್ತಾರು. ಒಂದೂ ಉಳಿಯಲಿಲ್ಲ, ಒಂದೂ ಸಾಲದೆ ಹೋಗಲಿಲ್ಲ.

"ಒಂದು ಅನ್ನೋ ಅಂಕೆ ಬಿಟ್ರೆ, ಸಾವಿರದೊಳಗೆ ಹೀಗೆ ಚೌಕ, ತ್ರಿಕೋನ ಎರಡೂ ಆಗೋ ಸಂಖ್ಯೆ ಇದೊಂದೇ ರೀ," ಎಂದ.

ಅಂದಿನಿಂದ ನನ್ನ ಕೋಪಕ್ಕೆ ಕೆಲಸವಿಲ್ಲದಾಯಿತು. ಬಾಗಿಲಲ್ಲಿ ಎದುರಾಗುವ ಎರಡು ನಿಮಿಷಕ್ಕಾಗಿ ಇಡೀ ಬೆಳಗು ಕಾಯುತ್ತಿದ್ದೆ. "ಇವತ್ತೂ ಕೆಡಿಸ್ತೀರಾ?" ಎಂದರೆ, "ಕೆಡಿಸದೇ ಇದ್ರೆ ನಾಳೆ ನೀವು ಬಯ್ಯಲ್ವಲ್ಲ," ಎನ್ನುತ್ತಿದ್ದ. ಅವನ ತೋಳಿನ ಗುಲಾಬಿ ಎಣ್ಣೆಯ ಗಂಧ ಮನೆಯವರೆಗೂ ನನ್ನ ಜೊತೆ ನಡೆದು ಬರುತ್ತಿತ್ತು.

ಹೀಗಿರುವಾಗ ಒಡತಿ ಹೊಳೆಯಾಚೆ ಇನ್ನೊಂದು ಅಂಗಡಿ ತೆರೆದರು. "ಅದನ್ನ ನೀನೇ ನೋಡ್ಕೊಳಮ್ಮ. ಸಂಜೆಯೊಳಗೆ ಹೇಳು," ಎಂದರು. ಹೋದರೆ ಈ ಬಾಗಿಲೂ ಇಲ್ಲ, ಆ ಹುಬ್ಬೂ ಇಲ್ಲ. ಅವನಿಗೆ ವಿಷಯ ಗೊತ್ತಿತ್ತು, ಬಾಯಿ ಮಾತ್ರ ಬಿಟ್ಟಿರಲಿಲ್ಲ.

ಆ ಮಧ್ಯಾಹ್ನ ನಾನು ಮನೆಗೆ ಹೋಗಲಿಲ್ಲ. ಅವನು ಬಂದವನೇ ಎಂದಿನಂತೆ ಜೋಡಿಸಿದ. ಕೊನೆಯ ಸಾಲಿನ ಮೂಲೆ ಖಾಲಿ ಉಳಿಯಿತು.

"ಒಂದು ಕಮ್ಮಿ ಇದೆ."

"ಹೌದು. ಈಗ ನನ್ನ ಚೌಕವೂ ಆಗಲ್ಲ, ನಿಮ್ಮ ತ್ರಿಕೋನವೂ ಆಗಲ್ಲ."

"ಎಲ್ಲಿದೆ?"

ಬೆನ್ನ ಹಿಂದೆ ಮುಷ್ಟಿ ಬಿಗಿಮಾಡಿದೆ. "ಮನಸ್ಸಲ್ಲಿರೋದು ಹೇಳಿ, ಕೊಡ್ತೀನಿ."

ಅವನು ಜೇಬಿನಿಂದ ಒಂದು ಸಾಬೂನು ತೆಗೆದ. ಅದೇ ಗಾತ್ರ, ಗುಲಾಬಿ ಬಣ್ಣ. ಅದನ್ನು ನಡುವೆ ಇಟ್ಟು, ಸುತ್ತ ಆರು ಬಿಳಿ ಸಾಬೂನು ಒತ್ತಾಗಿ ಕೂರಿಸಿದ. ಅವುಗಳ ಸುತ್ತ ಹನ್ನೆರಡು. ಅದರಾಚೆ ಹದಿನೆಂಟರ ಸುತ್ತು, ಅದರಲ್ಲಿ ಒಂದಕ್ಕೆ ಜಾಗ ಖಾಲಿ. ಕಿಟಕಿಯ ಬಿಸಿಲಲ್ಲಿ ಅದೊಂದು ದೊಡ್ಡ ಹೂವಿನಂತೆ ಕಾಣುತ್ತಿತ್ತು.

"ಮೂವತ್ತಾರಕ್ಕೆ ಇನ್ನೊಂದು ಗುಣ ಇದೆ," ಎಂದ, ತಲೆಯೆತ್ತದೆ. "ನಡುವೆ ಒಬ್ರು ಬಂದು ಕೂತ್ರೆ ಸುತ್ತ ಪೂರ್ತಿ ತುಂಬುತ್ತೆ. ಇದನ್ನ ಎಷ್ಟು ದಿನದಿಂದ ಜೇಬಲ್ಲಿಟ್ಕೊಂಡು ಓಡಾಡ್ತಿದೀನೋ! ನಂಗೆ ನೀನಂದ್ರೆ ತುಂಬಾ ಇಷ್ಟ. ಹೋಗ್ಬೇಡ."

ಮೊದಲ ಸಲ 'ನೀನು' ಎಂದಿದ್ದ. ಬೆವರಿದ ಅಂಗೈಯಲ್ಲಿ ಸಾಬೂನು ಜಾರುತ್ತಿತ್ತು. ಖಾಲಿ ಜಾಗದಲ್ಲಿಟ್ಟೆ, ಸರಿಯಾಗಿ ಕೂತಿತು. ನನ್ನ ಬೆರಳ ಮೇಲೆ ಬಂದ ಅವನ ಬೆರಳು ಅಲ್ಲೇ ಉಳಿಯಿತು.

ಒಳಗಿನಿಂದ ಒಡತಿ ಕೂಗಿದರು: "ಏನಮ್ಮ, ಹೋಗ್ತೀಯೋ ಇಲ್ವೋ?"

"ಇಲ್ಲ ಅಮ್ಮ, ಇಲ್ಲೇ ಇರ್ತೀನಿ."

"ಗೊತ್ತಿತ್ತು ಬಿಡು. ಅಲ್ಲಿಗೆ ನಾನೇ ಹೋಗ್ತೀನಿ. ನಾಳೆಯಿಂದ ನೀವಿಬ್ರೂ ಒಂದೇ ಪಾಳಿಗೆ ಬನ್ನಿ, ಪಾಪ, ಆ ಸೋಪುಗಳಿಗೂ ಸ್ವಲ್ಪ ವಿಶ್ರಾಂತಿ ಸಿಗ್ಲಿ."