ಚಿಕ್ಕಪ್ಪನ ಹಲ್ಲು

"ಇದು ನಮ್ಮ ಚಿಕ್ಕಪ್ಪನ ಹಲ್ಲಿನ ಅಚ್ಚು. ಒಂದು ಕ್ಲಿಪ್ ಮಾಡಿಕೊಡ್ತೀರಾ, ಡಾಕ್ಟ್ರೇ?"

ಎದುರು ಕೋಣೆಯ ಮಷಿನ್ ಮಹಾರಾಯರು ನನ್ನ ಮೇಜಿನ ಮೇಲೆ ಡಬ್ಬಿ ಇಟ್ಟಾಗ ನನಗೆ ನಂಬಲಾಗಲಿಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವವರು ನಮ್ಮ ಕ್ಲಿನಿಕ್ಕಿಗೆ ಬರುತ್ತಾರೆ. ದಂತವೈದ್ಯೆಯಾದ ನಾನು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಕ್ಲಿಪ್ ಮಾಡುತ್ತೇನೆ. ಮಹಾರಾಯರು ಮುಖಕ್ಕೆ ಮಾಸ್ಕ್ ಹಾಕಿ, ಗಾಳಿ ಊದುವ ಸಿಪ್ಯಾಪ್ ಮಷಿನ್ ಹೊಂದಿಸಿಕೊಡುತ್ತಾರೆ. ಯಾವುದು ಮೇಲು ಎಂದು ನಮ್ಮಿಬ್ಬರಿಗೂ ನಿತ್ಯ ಜಗಳ. ಅವರ ಮಾಸ್ಕಿಗೆ ನಾನಿಟ್ಟ ಹೆಸರು ಸೊಂಡಿಲು. ನನ್ನ ಕ್ಲಿಪ್ಪಿಗೆ ಅವರಿಟ್ಟ ಹೆಸರು ಲಗಾಮು.

ಜಗಳವಾಡುತ್ತಲೇ ಪ್ರೀತಿ ಹುಟ್ಟಿತ್ತು, ಅದು ಕ್ಲಿನಿಕ್ಕಿಗೆಲ್ಲ ಗೊತ್ತಿತ್ತು. ಆದರೆ ಮದುವೆಯ ಮಾತೆತ್ತಿದರೆ ಸಾಕು, ಮಹಾರಾಯರು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಅಮ್ಮನಿಗೂ ಸಾಕಾಗಿತ್ತು. "ಹೌದೋ ಅಲ್ವೋ ಕೇಳ್ಬಿಡೇ. ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ತೀನಿ" ಅಂದಿದ್ದಳು ಬೆಳಿಗ್ಗೆ.

"ನೀವು ಬಂದು ಲಗಾಮು ಕೇಳೋದಾ? ಸೂರ್ಯ ಇವತ್ತು ಪಶ್ಚಿಮದಲ್ಲಿ ಹುಟ್ಟಿದ್ನಾ?"

"ಚಿಕ್ಕಪ್ಪಂಗೆ ಮಾಸ್ಕ್ ಅಂದ್ರೆ ನಾಚಿಕೆ," ಅಂದರು ನೆಲ ನೋಡುತ್ತಾ.

ಡಬ್ಬಿ ತೆರೆದು ಅಚ್ಚನ್ನು ಬೆಳಕಿಗೆ ಹಿಡಿದೆ. ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ಸ್ವಲ್ಪ ಒರಗಿ ನಿಂತಿತ್ತು. ಆ ಹಲ್ಲು ನನಗೆ ಗೊತ್ತು. ಅವರು ಮನಸಾರೆ ನಕ್ಕಾಗ ಮಾತ್ರ ಕಾಣುತ್ತದೆ. ಅದನ್ನು ನೋಡಲೆಂದೇ ಎಷ್ಟೋ ಹಳಸಲು ಜೋಕು ಹೇಳಿದ್ದೇನೆ. ಹಲ್ಲಿನ ಡಾಕ್ಟರ ಕೈಗೇ ಹಲ್ಲು ಕೊಟ್ಟು ಸುಳ್ಳು ಹೇಳುವ ಜಾಣನನ್ನು ಮಾತ್ರ ಬೇರೆಲ್ಲೂ ಕಂಡಿಲ್ಲ.

"ಚಿಕ್ಕಪ್ಪನ ಬದಲು ನೀವೇ ಒಂದ್ಸಲ ನಗಿ, ನೋಡೋಣ."

ಅವರು ಥಟ್ಟನೆ ಬಾಯಿ ಮುಚ್ಚಿಕೊಂಡರು. ಕಿವಿ ಕೆಂಪಾಯಿತು.

"ಉಸಿರು ಕಟ್ಟೋದು ತುಂಬಾ ಇದೆಯಾ?" ಕೇಳಿದೆ.

"ಜೋರಾಗೇ ಇದೆ. ಮಷಿನ್ ಹಾಕ್ಕೊಂಡ್ರೆ ಹಾಯಾಗಿ ನಿದ್ದೆ ಬರುತ್ತೆ. ಆದ್ರೆ ಮದುವೆ ಆದ್ಮೇಲೆ ನೀವು ಪಕ್ಕಕ್ಕೆ ತಿರುಗಿ ನೋಡಿದ್ರೆ... ಸೊಂಡಿಲು."

ನಗುವೂ ಬಂತು, ಅಳುವೂ ಬಂತು. ಇಷ್ಟು ದಿನ ಅವರಿಗೆ ನಾನೇ ಬೇಡವೇನೋ ಎಂದು ಒಳಗೊಳಗೇ ಕೊರಗಿದ್ದೆ. ಅಡ್ಡ ನಿಂತಿದ್ದು ನನ್ನದೇ ತಮಾಷೆಯ ಮಾತು.

ಡಬ್ಬಿಯನ್ನು ಅವರ ಕಡೆ ತಳ್ಳಿದೆ. "ಕ್ಲಿಪ್ ಮಾಡಿಕೊಡಲ್ಲ."

ಅವರ ಮುಖ ಬಾಡಿತು.

"ತೊಂದರೆ ಕಡಿಮೆ ಇರೋರಿಗೆ, ಮಷಿನ್ ಒಗ್ಗದೇ ಇರೋರಿಗೆ ನನ್ನ ಕ್ಲಿಪ್ ಸರಿ. ನಿಮಗೆ ಮಷಿನ್ನೇ ವಾಸಿ. ಸೋತೆ, ಸಾಕಾ?"

"ಇನ್ನೊಂದ್ಸಲ ಹೇಳಿ!"

"ಹೇಳಲ್ಲ. ನೀನು ಮೊದಲು ಆ ಮಾಸ್ಕ್ ತಗೊಂಡು ಬಾ."

ನೀನು. ಬಾಯಿ ಜಾರಿತ್ತು. ಅವನು ಎದುರು ಕೋಣೆಗೆ ಓಡಿದ.

ಮಾಸ್ಕಿನ ಪಟ್ಟಿಯನ್ನು ನಾನೇ ಬಿಗಿದೆ, ಅವನ ಕಿವಿಯ ಹಿಂದಿನ ಕೂದಲನ್ನು ನಿಧಾನವಾಗಿ ಸರಿಸುತ್ತಾ. ಬೇಕೆಂದೇ ನಿಧಾನ ಮಾಡಿದೆ. ಒಳಗಿಂದ ಏನೋ ಗೊಣಗಿದ.

"ಏನಂದೆ?"

ಮಾಸ್ಕ್ ಮೇಲೆತ್ತಿದ. "ಮದುವೆ ಆಗ್ತೀಯಾ ಅಂದೆ."

"ಸೊಂಡಿಲು ಸಮೇತ," ಅಂದೆ. ಅವನ ಮುಂದೆಯೇ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಅಮ್ಮಾ, ಬೇರೆ ಕಡೆ ನೋಡೋದು ಬೇಡ. ಹುಡುಗ ಅವರ ಚಿಕ್ಕಪ್ಪನ ಹಲ್ಲು ತಂದು ಒಪ್ಪಿಕೊಂಡ."

"ಅವನಿಗೆಲ್ಲಿಯ ಚಿಕ್ಕಪ್ಪನೇ?" ಅಮ್ಮ ಕೇಳಿದಳು. "ಅವರಪ್ಪ ಒಬ್ಬರೇ ಮಗ ಅಲ್ವಾ?"

ಅವನು ನಕ್ಕುಬಿಟ್ಟ. ಆ ಹಲ್ಲು ಕಂಡಿತು.